‘ಮಾಡಿದ್ದುಣ್ಣೋ ಮಹಾರಾಯ’ ಅಂದಮೇಲೆ ಯೇಸು ನಮ್ಮ ಸಾಲ ತೀರಿಸಿದ್ದು ಹೇಗೆ?

ಮಾಟುಂಗಾದ ಮಾಣಿ:

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳ ತೆಗೆಯುವ ಪ್ರಶ್ನೆ ಅಲ್ಲ. ಮತಾಂತರ, ರಾಜಕೀಯ ಅಂತ ಶುರುಮಾಡುವವರು ದಯವಿಟ್ಟು ಬೇರೆ ಕಡೆ ಹೋಗಿ.

ನಾನು ಉಡುಪಿ ಕಡೆಯವನು, ಮಾಧ್ವ ಮನೆತನ. ಅಜ್ಜ ಮಾಟುಂಗಾದ ಹೋಟೆಲಿಗೆ ಕೆಲಸಕ್ಕೆ ಬಂದವರು, ಹಾಗೇ ನಾವು ಇಲ್ಲೇ ಉಳಿದೆವು. ಹೋದ ತಿಂಗಳು ನನ್ನ ಜೊತೆ ಕೆಲಸ ಮಾಡುವ ಗೆಳೆಯನ ತಂದೆ ತೀರಿಕೊಂಡರು. ಮಂಗಳೂರಿನ ಕ್ಯಾಥೊಲಿಕರು, ಮಲಾಡಿನ ಓರ್ಲೆಂನಲ್ಲಿ ಮನೆ. ಇಪ್ಪತ್ತು ವರ್ಷದ ಸ್ನೇಹ. ಆದರೂ ನಾನು ಇಗರ್ಜಿಯಲ್ಲಿ ಒಂದು ಪೂಜೆ ಪೂರ್ತಿ ಕೂತದ್ದು ಅದೇ ಮೊದಲು. ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಯ ಕುಸ್ವಾರ್ (ಹಬ್ಬದ ತಿಂಡಿಗಳು) ತಿಂದಿದ್ದೇನೆ, ಅವರು ಏನು ನಂಬುತ್ತಾರೆ ಅಂತ ಒಂದು ದಿನವೂ ಕೇಳಿಲ್ಲ. ಈಗ ಯೋಚಿಸಿದರೆ ನಾಚಿಕೆ ಆಗುತ್ತೆ.

ಪೂಜೆ ಕೊಂಕಣಿಯಲ್ಲಿ ನಡೆಯಿತು, ಅರ್ಧಂಬರ್ಧ ಅರ್ಥವಾಯಿತು. ಶವಪೆಟ್ಟಿಗೆಯ ಪಕ್ಕ ಒಂದು ದಪ್ಪ, ಉದ್ದನೆಯ ಮೇಣದಬತ್ತಿ ಉರಿಯುತ್ತಿತ್ತು. ಫಾದರ್ ಹೇಳಿದ ಒಂದು ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮಿಂದ ತೀರಿಸಲಾಗದ ಸಾಲವನ್ನು ಯೇಸು ಶಿಲುಬೆಯ ಮೇಲೆ ತೀರಿಸಿದರಂತೆ, ತಾವು ಸತ್ತು ಸಾವನ್ನೇ ಸೋಲಿಸಿದರಂತೆ.

ನಮ್ಮಲ್ಲಿ ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನಾನು ಮಾಡಿದ್ದನ್ನು ನಾನೇ ಉಣ್ಣಬೇಕು, ಈ ಜನ್ಮದಲ್ಲಿ ಆಗದಿದ್ದರೆ ಮುಂದಿನದರಲ್ಲಿ. ಎರಡು ಸಾವಿರ ವರ್ಷದ ಹಿಂದೆ ಜೆರುಸಲೇಮಿನಲ್ಲಿ ಒಬ್ಬರು ಸತ್ತರೆ ಮಲಾಡಿನ ಒಬ್ಬ ರಿಟೈರ್ಡ್ ರೈಲ್ವೆ ಗುಮಾಸ್ತರ ಲೆಕ್ಕ ಚುಕ್ತಾ ಆಗುವುದು ಹೇಗೆ?

ಇನ್ನೊಂದು, ಅವರು ಯಾರು ಅನ್ನುವುದೇ ನನಗೆ ಗೊಂದಲ. ಅವತಾರವಾ? ಅವತಾರ ಅಂದರೆ ನನಗೆ ಗೊತ್ತಿರುವುದು ಅಜ್ಜ ಹೇಳಿದ್ದು. ರಾಮ ಸೀತೆಗಾಗಿ ಅತ್ತದ್ದು ನಿಜವಾದ ದುಃಖ ಅಲ್ಲ, ಲೋಕಕ್ಕೆ ತೋರಿಸಿದ ಲೀಲೆ, ದೇವರ ಮೈ ನಮ್ಮ ಹಾಗೆ ರಕ್ತಮಾಂಸದ್ದಲ್ಲ. ಹಾಗಾದರೆ ಯೇಸುವಿನ ನೋವೂ ಲೀಲೆಯಾ? ಲೀಲೆ ಆದರೆ ಅದರಲ್ಲಿ ತ್ಯಾಗ ಏನು ಬಂತು? ಲೀಲೆ ಅಲ್ಲ ಅಂದರೆ ಅವರು ದೇವರು ಹೇಗಾದರು?

ಇದರ ಮೇಲೆ ಮೊನ್ನೆ ಠಾಣೆ ಸ್ಟೇಷನ್ನಿನ ಹೊರಗೆ ಇಬ್ಬರು ಹೆಂಗಸರು ಕನ್ನಡದಲ್ಲೇ ಒಂದು ಪುಸ್ತಿಕೆ ಕೊಟ್ಟರು (ನನ್ನ ಮುಖದಲ್ಲಿ ಕನ್ನಡ ಬರೆದಿದೆಯೋ ಏನೋ). ಅವರ ಪ್ರಕಾರ ಯೇಸು ದೇವರ ಮಗ ಹೌದು, ಆದರೆ ಸರ್ವಶಕ್ತ ದೇವರಲ್ಲ, ದೇವರು ಮೊದಲು ಸೃಷ್ಟಿಸಿದ್ದು ಅವರನ್ನೇ. ಗೆಳೆಯನನ್ನು ಕೇಳೋಣ ಅಂದರೆ ಅವನು ಇನ್ನೂ ದುಃಖದಲ್ಲಿದ್ದಾನೆ. ತಿಳಿದವರು ಹೇಳಿ.


ಕುಲಶೇಖರದ ಕುರ್ಲಾಕಾರ:

ಮಾಣಿಯವರೇ, ಒಳ್ಳೆ ಪ್ರಶ್ನೆ ಮಾರಾಯ್ರೆ. ನಾನು ಬ್ಯಾಂಕಿನಿಂದ ರಿಟೈರ್ ಆದವನು, ಭಾನುವಾರ ಇಲ್ಲಿ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮದ ಪಾಠ, ಕಲಿಸುತ್ತೇನೆ. ಮಕ್ಕಳು ಇಷ್ಟು ಚೆನ್ನಾಗಿ ಕೇಳುವುದಿಲ್ಲ, ಅವರಿಗೆ ಕ್ರಿಕೆಟ್ ಮುಖ್ಯ.

ಪುಸ್ತಿಕೆಯ ವಿಷಯ ಮೊದಲು ಮುಗಿಸುತ್ತೇನೆ. ನೀವು ಹೇಳಿದ ರೀತಿ ನೋಡಿದರೆ ಅವರು ಯೆಹೋವನ ಸಾಕ್ಷಿಗಳು. ಕ್ಯಾಥೊಲಿಕರು, ಆರ್ಥೊಡಾಕ್ಸಿನವರು, ಪ್ರೊಟೆಸ್ಟೆಂಟರು ಯಾರೂ ಅದನ್ನು ಒಪ್ಪುವುದಿಲ್ಲ. ಆದರೆ ಆ ವಾದ ಇವತ್ತಿನದಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಅರಿಯಸ್ ಅಂತ ಒಬ್ಬ ಪಾದ್ರಿ ಇದ್ದ. ಮಗನು ಇಲ್ಲದಿದ್ದ ಕಾಲವೊಂದಿತ್ತು, ಎಷ್ಟೇ ದೊಡ್ಡವನಾದರೂ ಅವನೂ ಸೃಷ್ಟಿಯೇ, ಇದು ಅವನ ವಾದ. ಗಲಾಟೆ ಎಷ್ಟು ಜೋರಾಯಿತು ಅಂದರೆ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಬಿಷಪರನ್ನೆಲ್ಲ ನೈಸಿಯಾದಲ್ಲಿ ಸೇರಿಸಿದ. ಆ ಊರು ಈಗ ಟರ್ಕಿಯಲ್ಲಿದೆ. ಅಲ್ಲಿ ಆದ ತೀರ್ಮಾನವನ್ನೇ ನಾವು ಇವತ್ತಿಗೂ ಪೂಜೆಯಲ್ಲಿ ಹೇಳುತ್ತೇವೆ, ದೇವರಿಂದ ಬಂದ ದೇವರು, ಬೆಳಕಿನಿಂದ ಬಂದ ಬೆಳಕು, ಹುಟ್ಟಿದವರೇ ಹೊರತು ಸೃಷ್ಟಿಯಾದವರಲ್ಲ. 2025ಕ್ಕೆ ಅದಕ್ಕೆ 1700 ವರ್ಷ ತುಂಬಿತು.

ಇಷ್ಟಕ್ಕೆಲ್ಲ ಜಗಳ ಯಾಕೆ ಅಂತ ನಾನೂ ಹುಡುಗನಾಗಿದ್ದಾಗ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಯಾರು ಅನ್ನುವುದರ ಮೇಲೇ ಅವರು ಮಾಡಿದ್ದು ಏನು ಅನ್ನುವುದು ನಿಂತಿದೆ. ಮುಳುಗುತ್ತಿರುವವನನ್ನು ಇನ್ನೊಬ್ಬ ಮುಳುಗುತ್ತಿರುವವನು ಎತ್ತಲು ಆಗುವುದಿಲ್ಲ. ಹಾಗಂತ ದಡದ ಮೇಲೆ ನಿಂತು ಕೂಗಿದರೂ ಪ್ರಯೋಜನ ಇಲ್ಲ, ನೀರಿಗೆ ಇಳಿಯಬೇಕು.

ಈಗ ನಿಮ್ಮ ಲೀಲೆಯ ಪ್ರಶ್ನೆ. ಇದು ನಿಜವಾಗಿ ತುಂಬ ಹಳೆಯದು. ಯೇಸುವಿನ ಮೈ ನಿಜವಾದ ಮೈ ಅಲ್ಲ, ನೋವು ಬರೀ ತೋರಿಕೆ ಅನ್ನುವವರು ಮೊದಲ ಶತಮಾನಗಳಲ್ಲೇ ಇದ್ದರು. ಸಭೆ, ಅಂದರೆ ಚರ್ಚು, ಅದನ್ನು ಖಡಾಖಂಡಿತ ಬೇಡ ಅಂದಿತು. ನಮ್ಮ ಗ್ರಂಥದಲ್ಲಿ ಯೇಸುಸ್ವಾಮಿ ನಡೆದು ಸುಸ್ತಾಗಿ ಬಾವಿಯ ಹತ್ತಿರ ಕೂರುತ್ತಾರೆ. ದೋಣಿಯಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಹೋಗುತ್ತಾರೆ, ಅದೂ ಬಿರುಗಾಳಿ ಬೀಸುತ್ತಿರುವಾಗ. ಗೆಳೆಯ ಲಾಜರ ಸತ್ತಾಗ ಅಳುತ್ತಾರೆ. ಹಿಡಿದುಕೊಂಡು ಹೋದ ರಾತ್ರಿ, ಅದಕ್ಕೆ ಸ್ವಲ್ಪ ಮೊದಲು, ಸಾಧ್ಯವಿದ್ದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಳ್ಳುತ್ತಾರೆ. ಶಿಲುಬೆಯ ಮೇಲೆ ನೀರಡಿಕೆ ಅನ್ನುತ್ತಾರೆ. ಅಷ್ಟೂ ನಟನೆ ಅಂದರೆ ನಮ್ಮ ನಂಬಿಕೆಯೇ ಕುಸಿಯುತ್ತದೆ. ನಾಲ್ಕನೇ ಶತಮಾನದ ನಾಜಿಯಾಂಜಸ್‌ನ ಗ್ರೆಗರಿ ಹೇಳಿದ್ದನ್ನು ನಾನು ಮಕ್ಕಳಿಗೆ ಹೀಗೆ ಹೇಳುತ್ತೇನೆ: ಯೇಸು ನಮ್ಮ ಯಾವ ಭಾಗವನ್ನು ತಮ್ಮದಾಗಿ ಮಾಡಿಕೊಳ್ಳಲಿಲ್ಲವೋ ಆ ಭಾಗ ವಾಸಿಯಾಗಲಿಲ್ಲ. ಮೈ, ಮನಸ್ಸು, ಭಯ, ಸಾವು, ಎಲ್ಲ ಬೇಕಿತ್ತು.

ಕಡೆಗೆ 451ರಲ್ಲಿ ಕಾಲ್ಸೆಡಾನ್ ಎಂಬಲ್ಲಿ ಕೂಡಿದ ಬಿಷಪರ ಸಭೆ ಒಂದು ಮಾತಿಗೆ ಬಂತು. ಒಬ್ಬರೇ ವ್ಯಕ್ತಿ, ಎರಡು ಸ್ವಭಾವ, ಪೂರ್ತಿ ದೇವರು ಮತ್ತು ಪೂರ್ತಿ ಮನುಷ್ಯ. ಅರ್ಧ ಅರ್ಧ ಅಲ್ಲ, ನೀರು ಹಾಲು ಬೆರೆಸಿದ ಹಾಗೂ ಅಲ್ಲ. ಆ ಎರಡು ಕಲಸಿಹೋಗದೆ, ಬದಲಾಗದೆ, ಭಾಗವಾಗದೆ, ಬೇರೆಯಾಗದೆ ಇವೆ ಅಂದರು. ನೋಡಿ, ನಾಲ್ಕೂ ‘ಅಲ್ಲ’ಗಳೇ. ಹೇಗೆ ಅಂತ ಹೇಳಲಿಲ್ಲ, ಹೀಗಲ್ಲ ಅಂತ ಬೇಲಿ ಹಾಕಿದರು, ಅಷ್ಟೆ. ನಿಮ್ಮ ನೇತಿ ನೇತಿ ನೆನಪಾಗುತ್ತೆ ಅಲ್ವಾ? ಈ ಮಾತನ್ನೂ ಎಲ್ಲರೂ ಒಪ್ಪಲಿಲ್ಲ. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯ, ಇಥಿಯೋಪಿಯ, ಸಿರಿಯಾದ ಸಭೆಗಳು ಅಲ್ಲಿಂದಲೇ ಬೇರೆ ದಾರಿ ಹಿಡಿದವು. ಕೇರಳದ ಮಲಂಕರ ಆರ್ಥೊಡಾಕ್ಸಿನವರು ಆ ಬಳಗದವರೇ. ಹಾಗಂತ ಅವರೂ ಯೇಸು ದೇವರೂ ಹೌದು ಮನುಷ್ಯರೂ ಹೌದು ಅಂತಲೇ ನಂಬುತ್ತಾರೆ, ತಕರಾರು ಪದಗಳದ್ದು.

ಅವತಾರ ಅನ್ನಬಹುದಾ? ನಮ್ಮ ಕನ್ನಡ ಸತ್ಯವೇದದ (ಬೈಬಲ್) ಯೋಹಾನ 1:14ರಲ್ಲಿ ‘ನರಾವತಾರ’ ಅನ್ನುವ ಪದವೇ ಇದೆ. ಬೇರೆ ಪದ ಎಲ್ಲಿಂದ ತರುವುದು! ಆದರೆ ವ್ಯತ್ಯಾಸ ಇದೆ. ಅವತಾರಗಳು ಯುಗಯುಗಕ್ಕೂ ಬರುತ್ತವೆ, ಇದು ಒಂದೇ ಸಲ. ಕೃಷ್ಣ ಬೇಡನ ಬಾಣದ ನೆಪದಲ್ಲಿ ಅವತಾರ ಮುಗಿಸಿ ಹೋದ ಅನ್ನುತ್ತೀರಿ. ಯೇಸು ಮುಗಿಸಲಿಲ್ಲ. ಸತ್ತು ಮೂರನೇ ದಿನ ಎದ್ದರು, ಅದೇ ಮೈಯಲ್ಲಿ, ಮೊಳೆ ಹೊಡೆದ ಗಾಯದ ಗುರುತಿನ ಸಮೇತ. ಸಂಶಯಪಟ್ಟ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದರು. ಮನುಷ್ಯತನವನ್ನು ವೇಷದ ಹಾಗೆ ಕಳಚಿಡಲಿಲ್ಲ, ಈಗಲೂ ಇಟ್ಟುಕೊಂಡಿದ್ದಾರೆ ಅನ್ನುವುದು ನಮ್ಮ ನಂಬಿಕೆ.

ನೀವು ನೋಡಿದ ಮೇಣದಬತ್ತಿ ಹಾಗೆ ಸತ್ತು ಎದ್ದ ಯೇಸುವಿನ ಗುರುತು. ಅದು ಪಾಸ್ಖ (ಈಸ್ಟರ್) ಹಬ್ಬದ ರಾತ್ರಿ ಹಚ್ಚುವ ಬತ್ತಿ. ಮೇಲೆ ಆ ವರ್ಷದ ಅಂಕೆ ಇರುತ್ತೆ, ಐದು ಗಾಯಗಳಿಗೆ ಐದು ಧೂಪದ ಕಾಳು ಚುಚ್ಚಿರುತ್ತಾರೆ. ಮಗುವಿಗೆ ಜ್ಞಾನಸ್ನಾನ ಕೊಡುವಾಗ ಅದರ ಉರಿಯಿಂದಲೇ ಮಗುವಿನ ಬತ್ತಿ ಹಚ್ಚುತ್ತಾರೆ. ಸತ್ತಾಗ ಪೆಟ್ಟಿಗೆಯ ಪಕ್ಕಕ್ಕೆ ಆ ಬತ್ತಿ ಬರುತ್ತದೆ. ನಿಮ್ಮ ಗೆಳೆಯನ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ.


ಠಾಣೆಯ ತರಲೆ:

ಕುರ್ಲಾ ಅಂಕಲ್ ಚೆನ್ನಾಗಿ ಬರೆದಿದ್ದೀರಿ, ಆದರೆ ಯಾರು ಅನ್ನುವುದನ್ನೇ ಹೇಳಿದಿರಿ, ಸಾಲದ ವಿಷಯ ಜಾರಿಸಿಬಿಟ್ಟಿರಿ 🙂 ನಾನು ಕಾನ್ವೆಂಟಿನಲ್ಲಿ ಓದಿದವಳು, ಈ ಪಾಠ ಹತ್ತು ವರ್ಷ ಕೇಳಿದ್ದೇನೆ. ನನಗೆ ಅವಾಗಲೂ ಸರಿ ಅನ್ನಿಸಲಿಲ್ಲ, ಇವಾಗಲೂ ಇಲ್ಲ.

ದೇವರು ಪ್ರೀತಿ ಅಂತೀರಿ. ಸರಿ. ಹಾಗಾದರೆ ಸುಮ್ನೆ ಕ್ಷಮಿಸಬಹುದಿತ್ತಲ್ವಾ? ಪಕ್ಕದ ಮನೆಯ ಹುಡುಗ ನನ್ನ ಮನೆ ಕಿಟಕಿ ಒಡೆದರೆ, ನಾನು ಅವನನ್ನು ಕ್ಷಮಿಸುವುದಕ್ಕೆ ನನ್ನ ಮಗನಿಗೆ ಬಾರಿಸಬೇಕಾ? ಹಾಗೆ ಮಾಡುವ ಅಪ್ಪನನ್ನು ಜನ ಪೊಲೀಸಿಗೆ ಕೊಡುತ್ತಾರೆ. ಮಾಣಿಯವರು ಹೇಳಿದ ಮಾಡಿದ್ದುಣ್ಣೋ ನ್ಯಾಯವೇ ಎಷ್ಟೋ ವಾಸಿ, ಕನಿಷ್ಠ ತಪ್ಪು ಮಾಡಿದವನೇ ಉಣ್ಣುತ್ತಾನೆ. ಮತ್ತೆ, ಯಾರೋ ಸಾಲ ತೀರಿಸಿಯಾಯಿತು ಅಂದಮೇಲೆ ನಾನು ಒಳ್ಳೆಯವಳಾಗಿ ಇರುವುದು ಯಾಕೆ? ಶನಿವಾರ ಪಾದ್ರಿಯ ಮುಂದೆ ಪಾಪನಿವೇದನೆ, ಸೋಮವಾರ ಅದೇ ಪಾಪ. ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.


ಕ್ಯಾಂಪಿನ ಹುಬ್ಬಳ್ಳಿಯವ:

ಪುಣೆಯಿಂದ. ನಮ್ಮದು ಬಾಸೆಲ್ ಮಿಶನ್ ಮನೆತನ, ಪ್ರೊಟೆಸ್ಟೆಂಟರು, ಆ ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದವರು, ಆಮೇಲೆ ನಮ್ಮ ಕಡೆ ಬಂದರು. ಹಾಗಾಗಿ ಕುರ್ಲಾದವರಿಗೂ ನನಗೂ ಮನೆಯೊಳಗಿನ ಜಗಳ ಇದ್ದೇ ಇದೆ, ಅದು ಇಲ್ಲಿ ಬೇಡ.

ತರಲೆ ಮೇಡಂ, ನಿಮ್ಮ ಕಿಟಕಿಯ ಮಾತು ಸರಿಯಾಗಿದೆ. ಎಷ್ಟೋ ಪ್ರಸಂಗಿಗಳು ಕಥೆಯನ್ನು ಹಾಗೇ ಹೇಳುತ್ತಾರೆ, ಕೋಪಗೊಂಡ ಅಪ್ಪ, ಏಟು ತಿನ್ನುವ ಮಗ. ಕೇಳುವಾಗ ನನಗೂ ಮೈ ಉರಿಯುತ್ತೆ. ಆದರೆ ಒಂದು ಸಂಗತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಯೇಸು ಯಾರು ಅನ್ನುವುದಕ್ಕೆ ನೈಸಿಯಾ, ಕಾಲ್ಸೆಡಾನ್ ಅಂತ ಸಭೆ ಮೇಲೆ ಸಭೆ ಕೂಡಿಸಿ ಒಂದೊಂದು ಪದಕ್ಕೂ ಹೊಡೆದಾಡಿದರು. ಆತನ ಸಾವು ನಮ್ಮನ್ನು ಹೇಗೆ ಬಿಡಿಸುತ್ತೆ ಅನ್ನುವುದಕ್ಕೆ ಆ ಹಳೆಯ ಮಹಾಸಭೆಗಳು ಇದೇ ಸರಿ ಅಂತ ಒಂದು ವಿವರಣೆ ಕೊಡಲೇ ಇಲ್ಲ. ನಮಗೋಸ್ಕರ, ನಮ್ಮ ರಕ್ಷಣೆಗೋಸ್ಕರ ಅಂತ ಮಾತ್ರ ಬರೆದು ಬಿಟ್ಟರು.

ಹಾಗಾಗಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾ ಬಂದರು. ಮಾರ್ಕ 10:45ರಲ್ಲಿ ಯೇಸು ತನ್ನ ಪ್ರಾಣವನ್ನು ಅನೇಕರಿಗಾಗಿ ಈಡು ಕೊಡಲು ಬಂದೆ ಅನ್ನುತ್ತಾನೆ. ಈಡು ಅಂದರೆ ಒತ್ತೆಯಲ್ಲಿರುವವರನ್ನು ಬಿಡಿಸಲು ಕೊಡುವ ಬೆಲೆ. ಸರಿ, ಯಾರಿಗೆ ಕೊಟ್ಟದ್ದು? ನಾಲ್ಕನೇ ಶತಮಾನದ ಬಿಷಪ್, ನಿಸ್ಸಾದ ಗ್ರೆಗರಿ ಸೈತಾನನಿಗೆ ಅಂದ. ಅವನ ಚಿತ್ರ ನಮ್ಮ ಕರಾವಳಿಯವರಿಗೆ ತಟ್ಟಂತ ಹಿಡಿಸುತ್ತೆ: ಯೇಸುವಿನ ಮನುಷ್ಯ ದೇಹ ಗಾಳದ ಎರೆ, ಒಳಗಿನ ದೈವತ್ವವೇ ಕೊಕ್ಕೆ, ಸಾವು ಆಸೆಯಿಂದ ನುಂಗಿತು, ಸಿಕ್ಕಿಬಿತ್ತು. ನಾಜಿಯಾಂಜಸ್‌ನ ಗ್ರೆಗರಿಗೆ, ಕುರ್ಲಾದವರು ಹೇಳಿದರಲ್ಲ ಅವನಿಗೆ, ಸೈತಾನನಿಗೆ ಬೆಲೆ ಕೊಡುವುದು ಅಂದರೇನೇ ಅಸಹ್ಯ ಅನ್ನಿಸಿತು. ಕಳ್ಳನಿಗೆ ಯಾಕೆ ಹಣ?

ನಾವು ಕೇಳಿ ಬೆಳೆದ ಸಾಲದ ಭಾಷೆಯನ್ನು ಗಟ್ಟಿಯಾಗಿ ಕಟ್ಟಿದವನು ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್, 1098ರ ಹೊತ್ತಿಗೆ. ಅಂದರೆ ಯೇಸು ಸತ್ತು ಸಾವಿರ ವರ್ಷ ಆದಮೇಲೆ! ಅವನ ವಾದ ಹೀಗೆ. ಸಾಲ ಮನುಷ್ಯನದು, ಆದರೆ ಮನುಷ್ಯನ ಹತ್ತಿರ ಕಾಸಿಲ್ಲ. ತೀರಿಸುವ ಶಕ್ತಿ ಇರುವುದು ದೇವರಿಗೆ, ಆದರೆ ಸಾಲ ದೇವರದಲ್ಲ. ಹಾಗಾಗಿ ಎರಡೂ ಆಗಿರುವ ಒಬ್ಬ ಬೇಕು. ಆಮೇಲೆ ಬಂದ ಫ್ರಾನ್ಸಿನ ಪಂಡಿತ ಅಬೆಲಾರ್ಡ್ ಇದಕ್ಕೆ ತಲೆಯಾಡಿಸಲಿಲ್ಲ, ಆ ಪ್ರೀತಿಯನ್ನು ನೋಡಿ ನಮ್ಮ ಕಲ್ಲೆದೆ ಕರಗುವುದೇ ಬಿಡುಗಡೆ ಅಂದ. ಹದಿನಾರನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್ ಕಾನೂನು ಓದಿದವನು, ಅವನ ಕೈಯಲ್ಲಿ ಅದು ಕೋರ್ಟಿನ ಮಾತಾಯಿತು, ಶಿಕ್ಷೆ, ತೀರ್ಪು. ಪೂರ್ವದ ಆರ್ಥೊಡಾಕ್ಸಿನವರು ಇವತ್ತಿಗೂ ಕೋರ್ಟಿಗಿಂತ ಆಸ್ಪತ್ರೆಯ ಹಾಗೆ ಮಾತಾಡುತ್ತಾರೆ, ಪಾಪ ಅಂದರೆ ರೋಗ, ಯೇಸು ವೈದ್ಯ.

ಇನ್ನು ಸುಮ್ನೆ ಕ್ಷಮಿಸುವುದು. ನಮ್ಮಪ್ಪನದು ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇತ್ತು. ಉದ್ರಿ ಪುಸ್ತಕದಲ್ಲಿ ಒಬ್ಬರ ಪುಟ ತುಂಬಿಹೋಗಿತ್ತು, ಆ ಮನೆಯ ಯಜಮಾನ ಹಾಸಿಗೆ ಹಿಡಿದಿದ್ದ. ಒಂದು ದಿನ ಅಪ್ಪ ಆ ಪುಟಕ್ಕೆ ಅಡ್ಡಗೆರೆ ಎಳೆದರು. ಅವರಿಗೆ ಸಾಲ ಹೋಯಿತು. ಆದರೆ ಹಣ ಎಲ್ಲಿಗೂ ಮಾಯವಾಗಲಿಲ್ಲ ಮೇಡಂ, ಆ ವರ್ಷ ದೀಪಾವಳಿ ಹೊತ್ತಿಗೆ ಸಗಟು ವ್ಯಾಪಾರಿಗೆ ಕೊಡಲು ಅವ್ವನ ಬಳೆ ಒತ್ತೆಗೆ ಹೋದವು. ಸುಮ್ನೆ ಕ್ಷಮಿಸುವುದು ಅಂತ ಯಾವುದೂ ಇಲ್ಲ, ಕ್ಷಮಿಸಿದವನೇ ನಷ್ಟ ಉಣ್ಣುತ್ತಾನೆ. ಅಪ್ಪ ಆ ಹಣವನ್ನು ಮೂರನೆಯವನ ಜೇಬಿನಿಂದ ಕಿತ್ತು ತಂದಿದ್ದರೆ ನೀವು ಹೇಳಿದ ಅನ್ಯಾಯವೇ ಆಗುತ್ತಿತ್ತು. ಯೇಸು ದೇವರಲ್ಲ, ದೇವರು ಸೃಷ್ಟಿಸಿದ ಇನ್ನೊಬ್ಬ ಅಂದರೆ ಅದು ಮೂರನೆಯವನ ಜೇಬೇ. ಅದಕ್ಕೇ ಆ ಪುಸ್ತಿಕೆಯ ಮಾತು ನನಗೆ ಒಪ್ಪಿಗೆ ಆಗುವುದಿಲ್ಲ. ಅಂಗಡಿಯವನೇ ಬಂದ, ತನ್ನದನ್ನೇ ಕೊಟ್ಟ ಅನ್ನುವುದಾದರೆ ಮಾತ್ರ ಲೆಕ್ಕ ಕೂಡುತ್ತೆ. ಬೈಬಲಿನಲ್ಲಿ ಪೌಲನೂ ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನ ಜೊತೆ ರಾಜಿ ಮಾಡಿಕೊಂಡ ಅಂತಲೇ ಬರೆಯುತ್ತಾನೆ.

ಶನಿವಾರ ಸೋಮವಾರದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ನಾನೂ ಅಂಥವನೇ. ಬೈಬಲಿನಲ್ಲೇ ಯಾಕೋಬನು ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಬರೆದಿದ್ದಾನೆ. ಇದೇ ವಿಷಯಕ್ಕೆ ಲೂಥರನ ಕಾಲದಿಂದ ಕಿತ್ತಾಡಿದ ಕ್ಯಾಥೊಲಿಕರು, ಲೂಥರನ್ನರು 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ರಕ್ಷಣೆ ದೇವರ ಕೃಪೆಯಿಂದ, ಒಳ್ಳೆ ಕೆಲಸ ಅದರ ಫಲ. ನಾನೂರ ಎಂಬತ್ತು ವರ್ಷ ಹಿಡಿಯಿತು.

ಮಾಣಿಯವರಿಗೆ ಒಂದು ಮಾತು. ನಿಮ್ಮ ಗೊಂದಲ ಪಂಡಿತಾ ರಮಾಬಾಯಿಯವರಿಗೂ ಇತ್ತು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಸಂಸ್ಕೃತ ಅರೆದು ಕುಡಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು, ಆದರೆ ಆದಮೇಲೂ ತ್ರಯೈಕ್ಯ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದು), ಕ್ರಿಸ್ತನ ದೈವತ್ವ ಇವನ್ನೆಲ್ಲ ಅಲ್ಲಿಯ ಕನ್ಯಾಸ್ತ್ರೀಯರ ಜೊತೆ ಪತ್ರದ ಮೇಲೆ ಪತ್ರ ಬರೆದು ಪ್ರಶ್ನಿಸಿದರು. ಅರ್ಥವಾಗದೆ ತಲೆ ಅಲ್ಲಾಡಿಸಲಿಲ್ಲ. ಅವರು ಕಟ್ಟಿದ ಮುಕ್ತಿ ಮಿಶನ್ ಇಲ್ಲೇ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಇದೆ, ಈ ಕಡೆ ಬಂದರೆ ಹೇಳಿ, ಕರೆದುಕೊಂಡು ಹೋಗುತ್ತೇನೆ.


ಠಾಣೆಯ ತರಲೆ:

ಉದ್ರಿ ಪುಸ್ತಕ ಒಪ್ಪಿದೆ. ಬಳೆ ಹೋದದ್ದು ನಿಮ್ಮ ಅವ್ವನದು, ಅಪ್ಪನದಲ್ಲ, ಅದನ್ನೂ ಸ್ವಲ್ಪ ಯೋಚಿಸಿ ಸರ್. ಮತ್ತೆ ನಷ್ಟ ಸರಿ, ರಕ್ತ ಯಾಕೆ ಅನ್ನುವುದು ಹಾಗೇ ಉಳಿಯಿತು.


ಕ್ಯಾಂಪಿನ ಹುಬ್ಬಳ್ಳಿಯವ:

ಅವ್ವನ ಮಾತು ನಿಜ. ಇಷ್ಟು ವರ್ಷ ಈ ಕಥೆ ಹೇಳಿದ್ದೇನೆ, ಯಾರೂ ಅದನ್ನು ಹಿಡಿದಿರಲಿಲ್ಲ. ರಕ್ತದ ಭಾಷೆ ಯೆಹೂದ್ಯರ ಪಸ್ಕ ಹಬ್ಬದ ಕುರಿಮರಿಯಿಂದ ಬಂದದ್ದು. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿ ಬಾಗಿಲ ಕಂಬಗಳಿಗೆ ರಕ್ತ ಹಚ್ಚಿದರು, ಮರಣ ಆ ಮನೆಗಳನ್ನು ದಾಟಿಹೋಯಿತು. ಯೇಸುವನ್ನು ದೇವರ ಕುರಿಮರಿ ಅನ್ನುವುದು ಅದಕ್ಕೇ. ಅಂದರೆ ಅದು ಮೊದಲಿಗೆ ಬಿಡುಗಡೆಯ ಗುರುತು. ನಿಮಗೆ ಇಷ್ಟು ಸಾಲದು ಅಂತ ಗೊತ್ತು.


ವಾಸ್ಕೋದ ಗದಗಿನವ:

ಎಲ್ಲ ಓದಿದೆ, ಅರ್ಧ ತಲೆ ಮೇಲೆ ಹೋಯಿತು. ನಾನು ಲಿಂಗಾಯತ, ಇಲ್ಲಿ ಗೋವಾದಲ್ಲಿ ಹದಿನಾರು ವರ್ಷದಿಂದ ಎಲೆಕ್ಟ್ರಿಕ್ ಕೆಲಸ. ಕಣ್ಣಾರೆ ನೋಡಿದ್ದು ಎರಡು ಹೇಳುತ್ತೇನೆ.

ಇಲ್ಲಿ ಗುಡ್ ಫ್ರೈಡೇ ದಿನ ಇಗರ್ಜಿಯಲ್ಲಿ ಗಂಟೆ ಬಾರಿಸುವುದಿಲ್ಲ, ಮರದ ಗಿಲಕಿ ಥರದ್ದು ಒಂದನ್ನು ಕಟಕಟ ಅನ್ನಿಸುತ್ತಾರೆ. ಸ್ಪೀಕರ್ ಕಟ್ಟಲು ಹೋಗಿದ್ದೆ. ಶಿಲುಬೆಯ ಮೇಲಿನ ಯೇಸುವಿನ ಮೂರ್ತಿಯ ಮೊಳೆ ಒಂದೊಂದಾಗಿ ತೆಗೆದು ಕೆಳಗೆ ಇಳಿಸಿದರು. ಆ ಮೂರ್ತಿಗೆ ಭುಜದ ಹತ್ತಿರ ಕೀಲು ಇದೆ. ಮೊಳೆ ತೆಗೆದ ಕೂಡಲೇ ಕೈ ಸತ್ತವರ ಕೈ ಹಾಗೇ ಜೋತುಬಿತ್ತು. ಮುದುಕಿಯರು ಅತ್ತರು. ಆಮೇಲೆ ಚಟ್ಟದಂಥದ್ದರಲ್ಲಿ ಮಲಗಿಸಿ ಮೆರವಣಿಗೆ. ಮಾಣಿ ಸರ್ ಕೇಳಿದರಲ್ಲ ಲೀಲೆಯಾ ಅಂತ. ಆ ಕೀಲು ಮಾಡಿದ ಬಡಿಗನಿಗೆ ಲೀಲೆ ಅನ್ನಿಸಿರಲಿಲ್ಲ ಅಂತ ನನ್ನ ಲೆಕ್ಕ.

ಇನ್ನೊಂದು ಹಳೇ ಗೋವಾದ ಬೋಂ ಜೀಸಸ್ ಇಗರ್ಜಿ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗಬೇಕು, ಎಲ್ಲರೂ ಕ್ಸೇವಿಯರ್ ಸಂತರ ದೇಹ ಇಟ್ಟಿರುವ ಪೆಟ್ಟಿಗೆ ನೋಡಿ ಫೋಟೊ ತೆಗೆದು ಬರುತ್ತಾರೆ. ನಡುವಿನ ದೊಡ್ಡ ಬಲಿಪೀಠ ಯಾರೂ ಸರಿಯಾಗಿ ನೋಡುವುದಿಲ್ಲ. ಅಲ್ಲಿ ಸಂತ ಇಗ್ನೇಷಿಯಸ್ ದೊಡ್ಡ ಮೂರ್ತಿ, ಬಾಲಯೇಸು ಕೆಳಗೆ ಚಿಕ್ಕದು. ಮೇಲೆ ಸೂರ್ಯನ ಥರ ಒಂದು ಚಕ್ರದಲ್ಲಿ ಯೇಸುವಿನ ಹೆಸರಿನ ಅಕ್ಷರ, ಅದರ ಮೇಲೆ ತಂದೆ, ಮಗ, ಪವಿತ್ರಾತ್ಮ. ನೀವು ಇಲ್ಲಿ ಬರೆದದ್ದು ಅಷ್ಟನ್ನೂ ಆ ಗೋಡೆ ಮೇಲೆ ಕೆತ್ತಿಟ್ಟಿದ್ದಾರೆ, ಬಂಗಾರದ ಬಣ್ಣ ಹೊಡೆದು.

ಅವತಾರದ ಪದದ ಬಗ್ಗೆ ಮಾತು ಬಂತಲ್ಲ. ನಮ್ಮ ಮನೆ ಮಾಲೀಕರು ಮರಾಠಿ ಮಾಸ್ತರು. ಅವರು ಹೇಳಿದ್ದು, ಥಾಮಸ್ ಸ್ಟೀಫನ್ಸ್ ಅಂತ ಇಂಗ್ಲಿಷ್ ಪಾದ್ರಿ ಯೇಸುವಿನ ಕಥೆಯನ್ನು ಮರಾಠಿ ಓವಿ ಪದ್ಯದಲ್ಲಿ ಪುರಾಣ ಮಾಡಿ ಬರೆದ, 1616ರಲ್ಲಿ ಇಲ್ಲೇ ರಾಯತೂರಿನಲ್ಲಿ ಅಚ್ಚಾಯಿತು. ಸ್ವರ್ಗಕ್ಕೆ ವೈಕುಂಠ ಅಂತಲೇ ಬರೆದಿದ್ದಾನಂತೆ! ಜನಕ್ಕೆ ತಿಳಿಯುವ ಪದ ಬೇಕಲ್ಲ.


ಮಾಟುಂಗಾದ ಮಾಣಿ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ಒಪ್ಪಿದೆ ಅಂತ ಹೇಳುವುದಿಲ್ಲ, ಅಜ್ಜನ ಕರ್ಮದ ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ಆದರೆ ಅವರಿಗೆ ನೋವು ಲೀಲೆ ಆಗಕೂಡದು ಯಾಕೆ ಅನ್ನುವುದು ಈಗ ತಿಳಿಯಿತು. ನಮಗೆ ದೇವರು ಅಳಬಾರದು, ಅವರಿಗೆ ಅಳಲೇಬೇಕು.

ಮುಂದಿನ ಶನಿವಾರ ತಿಂಗಳ ಪೂಜೆ ಅಂತ ಗೆಳೆಯ ಕರೆದಿದ್ದಾನೆ. ಹೋದ ಸಲ ಎಲ್ಲರೂ ಸಾಲಿನಲ್ಲಿ ಹೋಗಿ ಬಿಳಿ ಬಿಲ್ಲೆಯಂಥ ಪ್ರಸಾದ ತಗೊಂಡರು. ನಾನು ಎದ್ದು ಹೋಗಬೇಕಾ, ಕೂತಿರಬೇಕಾ ಗೊತ್ತಾಗದೆ ಚಪ್ಪಲಿ ಸರಿಮಾಡುವವನ ಹಾಗೆ ಬಗ್ಗಿದ್ದೆ. ಏನು ಮಾಡಬೇಕು?


ಕುಲಶೇಖರದ ಕುರ್ಲಾಕಾರ:

ಸುಮ್ನೆ ಕೂತಿರಿ ಮಾರಾಯ್ರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಾವು ಅದನ್ನು ಪ್ರಸಾದ ಅನ್ನುವುದಿಲ್ಲ, ಅದು ಯೇಸುಸ್ವಾಮಿಯ ದೇಹವೇ ಅಂತ ನಂಬುತ್ತೇವೆ, ಹಾಗಾಗಿ ನಮ್ಮ ಸಭೆಯವರು ಮಾತ್ರ ತಗೊಳ್ಳುವುದು. ಎಲ್ಲರೂ ಎದ್ದಾಗ ಎದ್ದರೆ, ಕೂತಾಗ ಕೂತರೆ ಸಾಕು. ಪೂಜೆ ಆದಮೇಲೆ ಊಟ ಇರುತ್ತೆ, ಸಸ್ಯಾಹಾರಿ ಅಂತ ಗೆಳೆಯನಿಗೆ ಈಗಲೇ ಹೇಳಿಬಿಡಿ, ಇಲ್ಲದಿದ್ದರೆ ನಿಮಗೆ ಬರೀ ಸಣ್ಣಾ (ನಮ್ಮ ಇಡ್ಲಿ ಥರದ್ದು) ಸಿಗುತ್ತದೆ.